ಶಕುನಿಯಿಲ್ಲದ ದ್ಯೂತ: ಕ್ರಿಪ್ಟೊ ಜೂಜಿನ ಪಣಗಳನ್ನು ಓದುವ ಬಗೆ

ಗಂಗಾವತಿ ಸೀಮೆಯ ಹೇಮಗುಡ್ಡ ಮತ್ತು ಕುಮ್ಮಟದುರ್ಗಗಳು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುಮಾರರಾಮನ ಸಾಂಗತ್ಯಗಳ ಮೂಲಕ ಪರಿಚಿತವಾದ ಹೆಸರುಗಳು. ಕಂಪಿಲಿ ಅರಸರ ಈ ಕೋಟೆಗಳ ಕಾಲ ಮುಗಿದದ್ದು 1327ರ ಸುಮಾರಿಗೆ, ಮಹಮ್ಮದ್ ಬಿನ್ ತುಘಲಕನ ದಂಡಯಾತ್ರೆಯಿಂದ. ಆ ದಂಡಯಾತ್ರೆಯ ಬಗೆಗೆ ಶಾಸನತಜ್ಞರೂ ಜಾನಪದ ವಿದ್ವಾಂಸರೂ ಸಾಕಷ್ಟು ಬರೆದಿದ್ದಾರೆ. ಆದರೆ ಅದೇ ಸುಲ್ತಾನನು ಅದಾದ ಎರಡು ಮೂರು ವರ್ಷಗಳಲ್ಲಿಯೇ ಕೈಗೊಂಡ ಇನ್ನೊಂದು ಸಾಹಸವನ್ನು ಹೇಮಗುಡ್ಡದ ಚರಿತ್ರೆಯೊಂದಿಗೆ ಸೇರಿಸಿ ಓದುವ ರೂಢಿ ಇಲ್ಲ. 1329-30ರಲ್ಲಿ ಆತ ತಾಮ್ರ ಹಿತ್ತಾಳೆಗಳ ನಾಣ್ಯಗಳನ್ನು ಟಂಕಿಸಿ, ಅವನ್ನು ಬೆಳ್ಳಿಯ ಟಂಕಕ್ಕೆ ಸಮನೆಂದು ಸ್ವೀಕರಿಸಬೇಕೆಂದು ಆಜ್ಞಾಪಿಸಿದನು. ಲೋಹಕ್ಕೆ ಬೆಲೆಯಿಲ್ಲ, ಮುದ್ರೆಗೆ ಬೆಲೆ. ಮನೆಮನೆಯೂ ಟಂಕಸಾಲೆಯಾಯಿತು ಎಂಬರ್ಥದಲ್ಲಿ ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆದ ಮಾತು ಪ್ರಸಿದ್ಧವಾಗಿದೆ. ಕೆಲವೇ ವರ್ಷಗಳಲ್ಲಿ ಸುಲ್ತಾನನು ಆ ನಾಣ್ಯಗಳನ್ನು ಹಿಂತೆಗೆದುಕೊಂಡು ಬೊಕ್ಕಸದ ಬೆಳ್ಳಿಯನ್ನು ಕೊಡಬೇಕಾಯಿತು. ಗಿರೀಶ ಕಾರ್ನಾಡರ 'ತುಘಲಕ್' ನಾಟಕವನ್ನು ಓದಿದವರಿಗೆ ಗುಲಾಬಿ ತೋಟದಲ್ಲಿ ರಾಶಿ ಬಿದ್ದ ಆ ಕಳ್ಳನಾಣ್ಯಗಳ ನೆನಪು ಮಾಸಿರಲಾರದು.

ಇಂದು 'ಟೋಕನ್' ಎಂಬ ಪದ ಮತ್ತೆ ಚಲಾವಣೆಗೆ ಬಂದಿದೆ. 2021ರ ಕರ್ನಾಟಕ ಪೊಲೀಸ್ (ತಿದ್ದುಪಡಿ) ಕಾಯ್ದೆಯು 'ಆನ್‌ಲೈನ್ ಆಟ'ವನ್ನು ವಿವರಿಸುವಾಗ, ಹಣದ ಬೆಲೆಯುಳ್ಳ ಟೋಕನ್‌ಗಳನ್ನೂ ವರ್ಚುವಲ್ ಕರೆನ್ಸಿಯನ್ನೂ ಹೆಸರಿಸಿಯೇ ಹೇಳಿತು. ಕನ್ನಡ ನಾಡಿನ ಜೂಜಿನ ಕಾನೂನಿಗೆ ಕ್ರಿಪ್ಟೊ ನಾಣ್ಯದ ನೆರಳು ಬಿದ್ದದ್ದು ಹೀಗೆ. ಭಾಷೆಯ ದೃಷ್ಟಿಯಿಂದ ಇದರಲ್ಲಿ ಅಚ್ಚರಿಪಡಬೇಕಾದುದು ಕಡಿಮೆ. ನಾವು ದಿನನಿತ್ಯ ಬಳಸುವ 'ಹಣ' ಎಂಬ ಪದವೇ 'ಪಣ'ದಿಂದ ಬಂದುದು. ಸಂಸ್ಕೃತದಲ್ಲಿ ಪಣವೆಂದರೆ ನಾಣ್ಯವೂ ಹೌದು, ಜೂಜಿನಲ್ಲಿ ಒಡ್ಡುವ ಒತ್ತೆಯೂ ಹೌದು. ಪಕಾರ ಹಕಾರವಾದಾಗ ನಾಣ್ಯದ ಅರ್ಥ 'ಹಣ'ದಲ್ಲಿ ಉಳಿಯಿತು, ಒತ್ತೆಯ ಅರ್ಥ 'ಪಣ'ದಲ್ಲಿ ನಿಂತಿತು. ಕ್ರಿಪ್ಟೊ ಜೂಜಿನಲ್ಲಿ ಇವೆರಡೂ ಮತ್ತೆ ಒಂದಾದಂತೆ ತೋರುತ್ತದೆ.

ಈ ಜೂಜಿನ ಪಣಗಳನ್ನು ಲೆಕ್ಕ ಹಾಕಿ, ರೇಖಾಚಿತ್ರಗಳಾಗಿ ಬಿಡಿಸಿ ತೋರಿಸುವ ಒಂದು ವಿದ್ಯೆಯೇ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬೆಳೆದಿದೆ. ಅದು ಸಂಖ್ಯಾಶಾಸ್ತ್ರದವರ ಕ್ಷೇತ್ರವೆಂದು ಸಾಹಿತ್ಯದ ವಿದ್ಯಾರ್ಥಿಗಳು ದೂರ ಸರಿಯುವುದು ಸರಿಯಲ್ಲ. ಆ ರೇಖಾಚಿತ್ರಗಳಲ್ಲಿ ಯಾವುದು ಜ್ಞಾನ, ಯಾವುದು ಹೊಸ ವೇಷದ ಆಮಿಷ ಎಂಬುದನ್ನು ಬಿಡಿಸಿ ಹೇಳಲು ಸಭಾಪರ್ವವನ್ನೂ ನಳೋಪಾಖ್ಯಾನವನ್ನೂ ಬಲ್ಲವರಿಗೆ ಹೆಚ್ಚಿನ ಅನುಕೂಲವಿದೆ.

ಮೊದಲು ಆಟದ ಬಗೆಯನ್ನು ನೋಡಬೇಕು. ಬಿಟ್‌ಕಾಯಿನ್ ಹುಟ್ಟಿದ್ದು 2009ರಲ್ಲಿ; 2012ರಲ್ಲಿ 'ಸತೋಶಿಡೈಸ್' ಎಂಬ ಜೂಜಿನ ತಾಣ ಆರಂಭವಾಯಿತು. ಆಡುವವನು ನಿರ್ದಿಷ್ಟ ವಿಳಾಸಕ್ಕೆ ನಾಣ್ಯ ಕಳುಹಿಸಿದರೆ, ಗೆದ್ದಾಗ ಹೆಚ್ಚಿನ ಮೊತ್ತ ಮರಳಿ ಬರುತ್ತಿತ್ತು. ಆ ನಾಣ್ಯದ ಪ್ರತಿಯೊಂದು ವರ್ಗಾವಣೆಯೂ ಎಲ್ಲರೂ ನೋಡಬಹುದಾದ ಸಾರ್ವಜನಿಕ ಖಾತೆಯಲ್ಲಿ ದಾಖಲಾಗುವುದರಿಂದ, ಜೂಜಿನ ಚರಿತ್ರೆಯಲ್ಲಿ ಹಿಂದೆಂದೂ ಇಲ್ಲದ ಒಂದು ಸಂಗತಿ ಘಟಿಸಿತು: ಯಾವ ವಿಳಾಸ ಎಷ್ಟು ಹೊತ್ತಿಗೆ ಎಷ್ಟು ಪಣವೊಡ್ಡಿ ಏನಾಯಿತು ಎಂಬುದರ ಸಂಪೂರ್ಣ ಕಡತ ಲೋಕಕ್ಕೆ ತೆರೆದುಕೊಂಡಿತು. ಹೆಸರು ಮಾತ್ರ ಇಲ್ಲ. ಮುಂದೆ ಬಂದ ತಾಣಗಳಲ್ಲಿ ಹೆಚ್ಚಿನವು ಪಣಗಳನ್ನು ತಮ್ಮದೇ ಒಳಕಡತಗಳಲ್ಲಿ ಇರಿಸಿಕೊಂಡವು. ಸಾರ್ವಜನಿಕ ಖಾತೆಯಲ್ಲಿ ಈಗ ಕಾಣುವುದು ಬಹುಮಟ್ಟಿಗೆ ತುಂಬಿದ ಹಣ, ತೆಗೆದ ಹಣ ಅಷ್ಟೆ. ಪಾರದರ್ಶಕತೆಯ ಹೊಗಳಿಕೆಯನ್ನು ಕೇಳುವಾಗ ಈ ಬದಲಾವಣೆಯನ್ನು ಮರೆಯಬಾರದು.

ಇದರ ಜೊತೆಗೆ ಬಂದುದು 'ಸಾಬೀತು ಮಾಡಬಹುದಾದ ನ್ಯಾಯ' ಎಂಬ ತಂತ್ರ. ಆಟಕ್ಕೆ ಮೊದಲೇ ತಾಣವು ತನ್ನ ಗುಪ್ತಸಂಖ್ಯೆಯನ್ನು ಮುದ್ರೆಯೊತ್ತಿದ ಲಕೋಟೆಯಂತೆ, ಒಡೆಯಲಾಗದ ಸಂಕೇತರೂಪದಲ್ಲಿ ಪ್ರಕಟಿಸುತ್ತದೆ. ಆಡುವವನು ತನ್ನದೊಂದು ಸಂಖ್ಯೆಯನ್ನು ಸೇರಿಸುತ್ತಾನೆ. ಎರಡೂ ಕೂಡಿ ದಾಳ ಬೀಳುತ್ತದೆ. ಆಮೇಲೆ ಲಕೋಟೆ ಒಡೆದು, ನಡುವೆ ಯಾರೂ ಸಂಖ್ಯೆಯನ್ನು ಬದಲಿಸಿಲ್ಲವೆಂದು ಯಾರು ಬೇಕಾದರೂ ತಾಳೆ ನೋಡಬಹುದು. ತುಘಲಕನ ಕಾಲದ ಕೇಡು ಕಳ್ಳನಾಣ್ಯ. ಹಸ್ತಿನಾವತಿಯ ಕೇಡು ಕಳ್ಳದಾಳ. ಸಂಕೇತಲಿಪಿಯ ಗಣಿತ ಈ ಎರಡಕ್ಕೂ ಮದ್ದು ಕಂಡುಕೊಂಡಿದೆ ಎಂದರೆ ಅತಿಶಯವಲ್ಲ. ಹಾಗಿದ್ದೂ ಆಡುವವನು ಸೋಲುತ್ತಾನೆ. ಶಕುನಿಯನ್ನು ಹೊರಗಿಟ್ಟ ಮೇಲೂ ದ್ಯೂತದಲ್ಲಿ ಉಳಿಯುವುದೇನು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಸಭಾಪರ್ವವನ್ನೇ ಪಣಗಳ ಕಡತವಾಗಿ ಓದಬಹುದು. ಸಂಸ್ಕೃತ ಪಾಠದ ಮೊದಲ ದ್ಯೂತದಲ್ಲಿ ಇಪ್ಪತ್ತು ಪಣಗಳನ್ನು ಎಣಿಸುತ್ತಾರೆ. ಮುತ್ತಿನ ಹಾರದಿಂದ ಆರಂಭವಾಗಿ ಹೊನ್ನು, ರಥ, ದಾಸಿಯರು, ದಾಸರು, ಆನೆ, ಕುದುರೆ, ನಿಧಿ. ವಿದುರನ ತಡೆಯ ಮಾತು. ಮತ್ತೆ ಸಂಪತ್ತು, ಗೋಧನ, ಪುರ, ರಾಜಪುತ್ರರ ಆಭರಣ. ಆಮೇಲೆ ನಕುಲ, ಸಹದೇವ, ಅರ್ಜುನ, ಭೀಮ, ತಾನು, ದ್ರೌಪದಿ. ಇಪ್ಪತ್ತರಲ್ಲಿ ಇಪ್ಪತ್ತೂ ಸೋಲು. ದಾಳ ಪ್ರಾಮಾಣಿಕವಾಗಿದ್ದು ಗೆಲುವು ಸೋಲುಗಳು ಸಮಸಮವಾಗಿದ್ದರೆ ಹೀಗಾಗುವ ಸಂಭವ 10,48,576ರಲ್ಲಿ ಒಂದು. ಮೋಸವನ್ನು ಕಂಡುಹಿಡಿಯಲು ಇಷ್ಟು ಲೆಕ್ಕ ಸಾಕು. ಆ ಸಭೆಯಲ್ಲಿ ಲೆಕ್ಕವಿಲ್ಲದೆಯೂ ಅದು ಹಲವರಿಗೆ ಗೊತ್ತಿತ್ತು.

ಆದರೆ ಕಾವ್ಯದ ಗಮನ ದಾಳದ ಮೇಲೆ ಅಷ್ಟಾಗಿ ನಿಲ್ಲುವುದಿಲ್ಲ. ಪಣದ ಏರಿಕೆಯ ಮೇಲೆ ನಿಲ್ಲುತ್ತದೆ. ಅಡ್ಡಸಾಲಿನಲ್ಲಿ ಸುತ್ತುಗಳನ್ನೂ ಲಂಬಸಾಲಿನಲ್ಲಿ ಪಣದ ತೂಕವನ್ನೂ ಇರಿಸಿ ಬಿಡಿಸಿದರೆ, ವಿದುರನ ಮಾತಿನ ಬಳಿ ಒಂದು ಕ್ಷಣ ತಡೆದಂತಾಗಿ ಆಮೇಲೆ ಕಡಿದಾಗಿ ಮೇಲೇರುವ ರೇಖೆ ದೊರೆಯುತ್ತದೆ. ಆ ರೇಖೆಯಲ್ಲಿ ಎರಡು ಬಿಂದುಗಳನ್ನು ವಿಶೇಷವಾಗಿ ಗುರುತಿಸಬೇಕು. ಮಾದ್ರಿಯ ಮಕ್ಕಳಿಬ್ಬರನ್ನೂ ಧರ್ಮರಾಯ ಸೋತ ಮೇಲೆ, ಭೀಮಾರ್ಜುನರು ನಿನಗೆ ಇವರಿಗಿಂತ ಹೆಚ್ಚು ಪ್ರಿಯರಲ್ಲವೆ ಎಂದು ಶಕುನಿ ಚುಚ್ಚುತ್ತಾನೆ. ತನ್ನನ್ನೇ ಸೋತ ಮೇಲೆ, ಇನ್ನೂ ಗೆಲ್ಲದ ಪಣವೊಂದು ಉಳಿದಿದೆ, ಅದನ್ನೊಡ್ಡಿ ನಿನ್ನನ್ನು ಬಿಡಿಸಿಕೊ ಎಂದು ನೆನಪಿಸುತ್ತಾನೆ. ಇಂದಿನ ತಾಣಗಳು ಸೋತವನ ಮೊಬೈಲಿಗೆ ಕಳುಹಿಸುವ 'ಬೋನಸ್' ಸಂದೇಶಗಳಿಗೂ ಈ ಎರಡು ಮಾತುಗಳಿಗೂ ರಚನೆಯಲ್ಲಿ ಭೇದವಿಲ್ಲ. ಹಾಗೆ ನೋಡಿದರೆ ಕ್ರಿಪ್ಟೊ ದ್ಯೂತದಿಂದ ಹೊರಹೋದುದು ಶಕುನಿಯ ಕೈ ಮಾತ್ರ. ಅವನ ನಾಲಿಗೆ ಒಳಗೇ ಇದೆ.

ಗದುಗಿನ ನಾರಣಪ್ಪನ ಸಭಾಪರ್ವವನ್ನು ತರಗತಿಗಳಲ್ಲಿ ಓದಿಸುವಾಗ ದ್ರೌಪದಿಯ ಪ್ರಶ್ನೆಗೆ ದೊರೆಯುವ ಮಹತ್ವ ಪಣಗಳ ಸರಣಿಗೆ ದೊರೆಯುವುದಿಲ್ಲ. ಅದು ಪಟ್ಟಿ, ಅದರಲ್ಲಿ ಕಾವ್ಯವೇನಿದೆ ಎಂಬ ಉದಾಸೀನ ಇದಕ್ಕೆ ಕಾರಣವಿರಬಹುದು. ಆದರೆ ಮುಂದಿನ ಪ್ರಶ್ನೆಗೆ ಬಲ ಬರುವುದು ಆ ಪಟ್ಟಿಯ ಏರಿಕೆಯಿಂದಲೇ. ಜೈನ ಶ್ರಾವಕಾಚಾರ ಗ್ರಂಥಗಳು ಸಪ್ತವ್ಯಸನಗಳನ್ನು ಎಣಿಸುವಾಗ ಮದ್ಯ, ಬೇಟೆ, ಕಳವುಗಳಿಗಿಂತ ಮೊದಲು ದ್ಯೂತವನ್ನು ಇರಿಸಿ, ಅದಕ್ಕೆ ಧರ್ಮರಾಯನನ್ನೇ ದೃಷ್ಟಾಂತವಾಗಿ ಕೊಡುತ್ತವೆ. ದುಷ್ಟನನ್ನಲ್ಲ, ಧರ್ಮಿಷ್ಠನನ್ನು ಆರಿಸಿರುವುದು ಗಮನಾರ್ಹ. ಜೂಜನ್ನು ಗುಣದೋಷವೆಂದಲ್ಲದೆ ಪ್ರಕ್ರಿಯೆಯೆಂದು ಕಂಡ ನೋಟವದು.

ಆ ಪ್ರಕ್ರಿಯೆಯನ್ನು ಈಗ ಅಂಕಿಗಳೂ ತೋರಿಸುತ್ತಿವೆ. ಲಂಡನ್ನಿನ ಸಂಶೋಧಕರಿಬ್ಬರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 776 ಮಂದಿ ಆನ್‌ಲೈನಿನಲ್ಲಿ ಕಟ್ಟಿದ 5,65,915 ಕ್ರೀಡಾ ಬಾಜಿಗಳನ್ನು ಪರಿಶೀಲಿಸಿತು. ಸತತವಾಗಿ ಗೆದ್ದವರು, ಅದೃಷ್ಟ ಇನ್ನು ತಿರುಗೀತೆಂಬ ಅಂಜಿಕೆಯಿಂದ ಸುರಕ್ಷಿತ ಬಾಜಿಗಳಿಗೆ ಸರಿಯುತ್ತಿದ್ದರು. ಸತತವಾಗಿ ಸೋತವರು, ಅದೃಷ್ಟ ಇನ್ನಾದರೂ ತಿರುಗೀತೆಂಬ ಆಸೆಯಿಂದ ಹೆಚ್ಚು ಅಪಾಯದ ಬಾಜಿಗಳಿಗೆ ಏರುತ್ತಿದ್ದರು. ನಂಬಿಕೆ ಒಂದೇ, ದಿಕ್ಕು ಬೇರೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನ ಕೇವಲ ಅದೃಷ್ಟದ ಆನ್‌ಲೈನ್ ಆಟಗಳನ್ನು ತೆಗೆದುಕೊಂಡು, ಪಣದ ಮೊತ್ತಗಳು ಕೂಡುತ್ತ ಹೋಗುವುದಕ್ಕಿಂತ ಗುಣಿಸುತ್ತ ಹೋಗುವ ಸ್ವಭಾವದವು ಎಂಬುದರತ್ತ ಗಮನ ಸೆಳೆಯಿತು. ಸೋತಾಗ ದುಪ್ಪಟ್ಟು ಕಟ್ಟುವ ಹಳೆಯ ಚಪಲ ಇದರೊಳಗೇ ಇದೆ.

ದುಪ್ಪಟ್ಟಿನ ಲೆಕ್ಕವನ್ನು ಬಿಡಿಸಿಯೇ ನೋಡಬಹುದು. ತಾಣವು ನೂರಕ್ಕೆ ಒಂದರಂತೆ ತನ್ನ ಪಾಲು ಇರಿಸಿಕೊಂಡ ದಾಳದಾಟದಲ್ಲಿ, ಹಾಕಿದ್ದಕ್ಕೆ ಎರಡರಷ್ಟು ಕೊಡುವ ಬಾಜಿಯನ್ನು ಗೆಲ್ಲುವ ಸಂಭವ ನೂರಕ್ಕೆ 49.5. ರೂ. 100ರಿಂದ ಆರಂಭಿಸಿ ಸೋತಾಗಲೆಲ್ಲ ಇಮ್ಮಡಿಸುತ್ತ ಹೋದರೆ ಹತ್ತು ಸೋಲಿನ ಹೊತ್ತಿಗೆ ಕಳೆದುಕೊಂಡದ್ದು ರೂ. 1,02,300; ಹನ್ನೊಂದನೆಯ ಸುತ್ತಿಗೆ ಕಟ್ಟಬೇಕಾದದ್ದು ರೂ. 1,02,400. ಅದನ್ನು ಗೆದ್ದರೂ ಒಟ್ಟು ಲಾಭ ನೂರೇ ರೂಪಾಯಿ. ಸತತ ಹತ್ತು ಸೋಲು ಬರುವ ಸಂಭವ ಸುಮಾರು 930ಕ್ಕೆ ಒಂದು. ಅಷ್ಟು ಅಪರೂಪವೆಂದು ಆಡುವವನು ಸಮಾಧಾನಪಟ್ಟುಕೊಳ್ಳುತ್ತಾನೆ. ಆದರೆ ಐದು ಸೆಕೆಂಡಿಗೊಂದು ಸುತ್ತಿನಂತೆ ಗಂಟೆಗೆ 720 ಸುತ್ತು ನಡೆಯುವಲ್ಲಿ ಆ ಅಪರೂಪ ಸರಾಸರಿ ಮೂರು ಗಂಟೆಯೊಳಗೆ ಒಮ್ಮೆ ಬಾಗಿಲು ತಟ್ಟುತ್ತದೆ.

ಸಂಖ್ಯೆಗಿಂತ ವೇಗವೇ ಮುಖ್ಯವೆಂಬುದನ್ನು ಕೊಪ್ಪಳ, ರಾಯಚೂರು ಸೀಮೆಗೆ ಹಳೆಯ ಪರಿಚಯವಿರುವ ಮಟ್ಕಾದೊಡನೆ ಹೋಲಿಸಿದರೆ ಸ್ಪಷ್ಟವಾಗುತ್ತದೆ. ಅಲ್ಲಿನ ಪೊಲೀಸ್ ವರದಿಗಳಲ್ಲಿ ಮತ್ತೆ ಮತ್ತೆ ಬರುವ ದರ, ಒಂದು ರೂಪಾಯಿಗೆ ಎಂಬತ್ತು. ನೂರು ಜೋಡಿಸಂಖ್ಯೆಗಳಲ್ಲಿ ಒಂದಕ್ಕೆ ಎಂಬತ್ತು ಕೊಟ್ಟರೆ ಬರೆಸಿಕೊಳ್ಳುವವನ ಪಾಲು ನೂರಕ್ಕೆ ಇಪ್ಪತ್ತು. ದ್ಯೂತಗೃಹವನ್ನು ನಡೆಸುವವನಿಗೆ ಧರ್ಮಶಾಸ್ತ್ರದ ಹೆಸರು 'ಸಭಿಕ' (ಇಂದಿನ ಕನ್ನಡದಲ್ಲಿ ಸಭಿಕರೆಂದರೆ ಸುಮ್ಮನೆ ಕುಳಿತು ಕೇಳುವವರು, ಹಸ್ತಿನಾವತಿಯ ಸಭೆಯನ್ನು ನೆನೆದರೆ ಈ ಅರ್ಥಾಂತರವೂ ಅಷ್ಟು ಮುಗ್ಧವಲ್ಲ). ಸಭಿಕನು ಗೆದ್ದವನಿಂದ, ಗೆಲುವು ದೊಡ್ಡದಾದರೆ ನೂರಕ್ಕೆ ಐದು, ಚಿಕ್ಕದಾದರೆ ನೂರಕ್ಕೆ ಹತ್ತು ತೆಗೆದುಕೊಳ್ಳಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರೆ ಅದನ್ನು ವಿವರಿಸುತ್ತದೆ. ಈ ಪಾಲುಗಳ ಪಕ್ಕದಲ್ಲಿ ಕ್ರಿಪ್ಟೊ ಸಭಿಕನ ನೂರಕ್ಕೆ ಒಂದು ದಾನದಂತೆ ಕಾಣುತ್ತದೆ. ಆದರೆ ದಿನಕ್ಕೊಮ್ಮೆ ನೂರು ರೂಪಾಯಿಯ ಜೋಡಿ ಬರೆಸುವವನು ಸರಾಸರಿ ಕಳೆದುಕೊಳ್ಳುವುದು ದಿನಕ್ಕೆ ಇಪ್ಪತ್ತು ರೂಪಾಯಿ. ಸುತ್ತಿಗೆ ನೂರರಂತೆ ಮೊಬೈಲಿನಲ್ಲಿ ದಾಳ ಉರುಳಿಸುವವನು ಕಳೆದುಕೊಳ್ಳುವುದು ಗಂಟೆಗೆ 720 ರೂಪಾಯಿ. ಆನ್‌ಲೈನ್ ಜೂಜಿನಿಂದ ದೇಶದಲ್ಲಿ 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆಂಬುದು 2025ರಲ್ಲಿ ಕೇಂದ್ರ ಸರ್ಕಾರ ಮುಂದಿಟ್ಟ ಅಂದಾಜು.

ಮಟ್ಕಾ ನೆನಪಿಸುವ ಇನ್ನೊಂದು ವಸ್ತು ಚಾರ್ಟು. ಹಿಂದಿನ ದಿನಗಳ ಓಪನ್, ಕ್ಲೋಸ್ ಸಂಖ್ಯೆಗಳನ್ನು ವಾರವಾರ ಜೋಡಿಸಿದ ಆ ಹಾಳೆಯ ಮೇಲೆ ಗೆರೆ ಎಳೆದು, ಮೂಲೆಯಿಂದ ಮೂಲೆಗೆ ಸಂಬಂಧ ಹಚ್ಚಿ, ನಾಳಿನ ಸಂಖ್ಯೆಯನ್ನು ತೆಗೆಯುವ ಪಂಡಿತರು ಊರೂರಿನಲ್ಲಿಯೂ ಇದ್ದರು. ಪಣಗಳ ದೃಶ್ಯರೂಪವೆಂಬುದು ಅವರಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಇಂದಿನ 'ಕ್ರ್ಯಾಶ್' ಆಟಗಳಲ್ಲಿ ಚಾರ್ಟು ತಾನೇ ಆಟವಾಗಿದೆ: ತೆರೆಯ ಮೇಲೆ ಒಂದು ರೇಖೆ ಏರುತ್ತ ಹೋಗುತ್ತದೆ, ಅದು ಕುಸಿಯುವ ಮುನ್ನ ಕೈ ತೆಗೆದವನು ಅಷ್ಟು ಪಟ್ಟು ಗೆಲ್ಲುತ್ತಾನೆ. ಹಿಂದಿನ ಸುತ್ತುಗಳ ಅಂಕಿಗಳು ಬಣ್ಣಬಣ್ಣದ ಗುಂಡಿಗಳಾಗಿ ಮೇಲುಸಾಲಿನಲ್ಲಿ ಕುಳಿತಿರುತ್ತವೆ. ನೂರಕ್ಕೊಂದು ಪಾಲಿನ ಇಂಥ ಆಟದಲ್ಲಿ ರೇಖೆ ಎರಡು ಪಟ್ಟನ್ನು ಮುಟ್ಟುವ ಸಂಭವ ನೂರಕ್ಕೆ 49.5, ಹತ್ತು ಪಟ್ಟನ್ನು ಮುಟ್ಟುವುದು 9.9, ನೂರು ಪಟ್ಟನ್ನು ಮುಟ್ಟುವುದು 0.99. ಎಲ್ಲಿ ಕೈ ತೆಗೆದರೂ ರೂಪಾಯಿಗೆ ಸರಾಸರಿ 99 ಪೈಸೆ. ಮೇಲುಸಾಲಿನ ಗುಂಡಿಗಳು ಮುಂದಿನ ಸುತ್ತಿನ ಬಗೆಗೆ ಹೇಳುವುದು ಏನೂ ಇಲ್ಲ. ಏನೋ ಹೇಳುತ್ತವೆಂದು ತೋರುವುದೇ ಅವುಗಳ ಕೆಲಸ.

ದಾಳದ ಚರಿತ್ರೆಯನ್ನು ಬಿಡಿಸಿದ ನಕ್ಷೆ ಜೂಜುಗಾರನಿಗೆ ವಿದ್ಯೆಯೆಂಬ ಭ್ರಮೆಯನ್ನು ಕೊಡುತ್ತದೆ. ಪಣದ ಚರಿತ್ರೆಯನ್ನು ಬಿಡಿಸಿದ ನಕ್ಷೆ ಅವನ ಮುಖವನ್ನೇ ಅವನಿಗೆ ತೋರಿಸುತ್ತದೆ. ಮೊದಲನೆಯದನ್ನು ತಾಣಗಳು ಉಚಿತವಾಗಿ ಹಂಚುತ್ತವೆ. ಎರಡನೆಯದನ್ನು, ಎಂದರೆ ಸೋಲಿನ ಬಳಿಕ ಪಣ ಎಷ್ಟು ಪಟ್ಟು ಏರಿತು, ರಾತ್ರಿಯ ಯಾವ ಹೊತ್ತಿನಲ್ಲಿ ಏರಿತು, ಒಟ್ಟು ಎಷ್ಟು ಹೋಯಿತು ಎಂಬುದನ್ನು, ಅವು ತಮ್ಮ ಬಳಿ ಇರಿಸಿಕೊಳ್ಳುತ್ತವೆ. ಸಂಶೋಧನೆಯೆಂಬ ಹೆಸರಿಗೆ ತಕ್ಕುದು ಎರಡನೆಯದು ಮಾತ್ರ.

ಇದಕ್ಕೆ ನಳನ ಕಥೆಯನ್ನು ಎದುರುತ್ತರವಾಗಿ ಹೇಳುವವರಿದ್ದಾರೆ. ಕನಕದಾಸರ 'ನಳಚರಿತ್ರೆ'ಯಿಂದ ಕನ್ನಡಿಗರಿಗೆ ಸುಪರಿಚಿತವಾದ ಆ ಕಥೆಯ ಸಂಸ್ಕೃತ ಮೂಲದಲ್ಲಿ, ಋತುಪರ್ಣನು ರಥದಲ್ಲಿ ಕುಳಿತೇ ತಾರೆಯ ಮರದ ಎಲೆಕಾಯಿಗಳ ಸಂಖ್ಯೆಯನ್ನು ಹೇಳುತ್ತಾನೆ. ನಳನು ಮರವನ್ನು ಕೆಡವಿ ಎಣಿಸಿ ನೋಡಿ ಬೆರಗಾಗುತ್ತಾನೆ. ಅಶ್ವಹೃದಯಕ್ಕೆ ಪ್ರತಿಯಾಗಿ ಅಕ್ಷಹೃದಯ ಕೈಗೆ ಬರುತ್ತದೆ. ಕೂಡಲೇ ಕಲಿ ಅವನ ಮೈಯಿಂದ ಹೊರಬೀಳುತ್ತಾನೆ. ತತ್ತ್ವಜ್ಞಾನಿ ಇಯಾನ್ ಹ್ಯಾಕಿಂಗ್ 1975ರಲ್ಲಿ ಸಂಭಾವ್ಯತೆಯ ಚರಿತ್ರೆಯನ್ನು ಬರೆಯುವಾಗ ಈ ಪ್ರಸಂಗವನ್ನು ಎತ್ತಿ ತೋರಿಸಿದ ಮೇಲೆ ಅದಕ್ಕೆ ಹೊಸ ಖ್ಯಾತಿ ಬಂದಿದೆ. ಎಣಿಕೆಯಿಂದ ಜೂಜನ್ನು ಗೆಲ್ಲಬಹುದೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ ಎಂದು ಕೇಳುವುದುಂಟು.

ಪ್ರಮಾಣ ಸರಿ, ಅನ್ವಯ ಸರಿಯಲ್ಲ. ವೈದಿಕ ಕಾಲದಿಂದ ಬಂದ ತಾರೆಕಾಯಿಯ ಜೂಜಿನಲ್ಲಿ ರಾಶಿಯಿಂದ ಹಿಡಿ ತುಂಬ ಕಾಯಿ ತೆಗೆದು ನಾಲ್ಕರಿಂದ ಭಾಗಿಸಿದಾಗ ಉಳಿಯುವುದರ ಮೇಲೆ ಗೆಲುವು ನಿಂತಿತ್ತೆಂದು ವಿದ್ವಾಂಸರು ವಿವರಿಸುತ್ತಾರೆ. ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಯುಗನಾಮಗಳು ಆ ಎಸೆತಗಳ ಹೆಸರುಗಳೂ ಹೌದು. ಕ್ಷಣದಲ್ಲಿ ರಾಶಿಯನ್ನು ಎಣಿಸಬಲ್ಲವನಿಗೆ ಅಲ್ಲಿ ನಿಜವಾದ ಮೇಲುಗೈ ಇತ್ತು. ಕಣ್ಣೆದುರಿಗೆ ಇರುವುದನ್ನು ಎಣಿಸುವುದು ಕೌಶಲ. ಲಕೋಟೆಯೊಳಗೆ ಮುಚ್ಚಿಟ್ಟ ಸಂಖ್ಯೆಯನ್ನು ಹಿಂದಿನ ಲಕೋಟೆಗಳಿಂದ ಊಹಿಸಲು ಹೊರಡುವುದು ಕೌಶಲವಲ್ಲ. ಊಹಿಸಲಾಗಬಾರದೆಂದೇ ಆ ಲಕೋಟೆಯನ್ನು ರಚಿಸಿರುವುದು. ಕೌಶಲ ಮತ್ತು ಅದೃಷ್ಟಗಳ ಈ ಗೆರೆಯ ಮೇಲೆಯೇ 2021ರ ಕರ್ನಾಟಕದ ತಿದ್ದುಪಡಿ ಎಡವಿತು. ಕೌಶಲದ ಆಟಗಳನ್ನೂ ಅದು ನಿಷೇಧದೊಳಗೆ ಸೇರಿಸಿತೆಂಬ ಆಕ್ಷೇಪವನ್ನು ಮಾನ್ಯಮಾಡಿ ಹೈಕೋರ್ಟು 2022ರ ಫೆಬ್ರುವರಿ 14ರಂದು ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾಯ್ದೆ ಆ ಗೆರೆಯನ್ನೇ ಅಳಿಸಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವೆಲ್ಲವನ್ನೂ ನಿಷೇಧಿಸಿತು. ಆಡಿಸುವವನಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ, ಆಡುವವನಿಗೆ ಶಿಕ್ಷೆಯಿಲ್ಲ. ಆಡುವವನನ್ನು ಅಪರಾಧಿಯೆನ್ನದೆ ಬಿಟ್ಟದ್ದು ಈ ಕಾಯ್ದೆಯ ವಿವೇಕ. ಕ್ರಿಪ್ಟೊ ತಾಣಗಳು ದೂರದ ದ್ವೀಪಗಳ ಪರವಾನಗಿ ಹಿಡಿದು ನಡೆಯುವುದರಿಂದ ಆಡಿಸುವವನು ಕೈಗೆ ಸಿಗುವುದು ಸುಲಭವಲ್ಲ ಎಂಬುದು ಅದರ ಮಿತಿ.

ನಳನ ಕಥೆಯಲ್ಲಿ ಉಪೇಕ್ಷೆಗೆ ಒಳಗಾದ ಇನ್ನೊಂದು ಅಂಶವಿದೆ. ಅಕ್ಷಹೃದಯವನ್ನು ಪಡೆದ ನಳನು ಪುಷ್ಕರನೊಡನೆ ಮತ್ತೆ ಆಡುವುದು ಒಂದೇ ಪಣ. ಗೆದ್ದು, ಪುಷ್ಕರನಿಗೆ ಅವನ ಪಾಲನ್ನು ಮರಳಿಸಿ, ಆಟದಿಂದ ಏಳುತ್ತಾನೆ. ಪಣಗಳ ರೇಖಾಚಿತ್ರವಾಗಿ ಬಿಡಿಸಿದರೆ ಅಲ್ಲಿ ರೇಖೆಯೇ ಇಲ್ಲ, ಒಂದು ಬಿಂದು ಮಾತ್ರ. ಧರ್ಮರಾಯನ ಇಪ್ಪತ್ತು ಬಿಂದುಗಳ ಏರಿಕೆಯ ಪಕ್ಕದಲ್ಲಿ ಇದನ್ನು ಇರಿಸಿ ತರಗತಿಯಲ್ಲಿ ತೋರಿಸಿದರೆ ಇವೆರಡರ ಭೇದ ಕಣ್ಣಿಗೇ ಕಾಣುತ್ತದೆ.

ಕನ್ನಡ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸ ಎರಡು ಬಗೆಯದು. ಭಾರತಕಥೆಯ ಕನ್ನಡ ರೂಪಗಳಲ್ಲಿ, ಪಂಪನಿಂದ ಹಿಡಿದು ಕುಮಾರವ್ಯಾಸ, ಯಕ್ಷಗಾನ, ಬಯಲಾಟಗಳವರೆಗೆ, ಪಣಗಳ ಸರಣಿ ಹೇಗೆ ಹಿಗ್ಗಿದೆ, ಎಲ್ಲಿ ಕುಗ್ಗಿದೆ, ಯಾವ ಪಣವನ್ನು ಯಾವ ಕವಿ ಬಿಟ್ಟಿದ್ದಾನೆ ಎಂಬುದನ್ನು ಕೋಷ್ಟಕ ಮಾಡಿ ನೋಡುವುದು ಒಂದು. ಹಳಗನ್ನಡದ ನೆತ್ತ, ಜೂದು, ಒಡ್ಡ ಮೊದಲಾದ ಪದಗಳ ಬಳಕೆಯೂ ಇದರಿಂದ ತಿಳಿಯಾಗುತ್ತದೆ. ಇನ್ನೊಂದು, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಠಾಣೆಗಳ ಜೂಜಿನ ಪ್ರಕರಣಗಳನ್ನು ಸಾಮಾಜಿಕ ಚರಿತ್ರೆಯ ಆಕರವಾಗಿ ಓದುವುದು. ಆಡಿದ ಸ್ಥಳ, ಹೊತ್ತು, ಕೈಗೆ ಸಿಕ್ಕ ನಗದು, ಐವತ್ತೆರಡು ಎಲೆ, ಚೀಟಿ, ಪೆನ್ನು ಎಂದು ಸಾಲುಸಾಲಾಗಿ ಬರೆದಿರುವ ಆ ಪಂಚನಾಮೆಗಳು ಶಾಸನಗಳಷ್ಟೇ ಕಟ್ಟುನಿಟ್ಟಾದ ಗದ್ಯ. ಯುಗಾದಿ ದೀಪಾವಳಿಗಳ ಆಸುಪಾಸಿನಲ್ಲಿ, ಭತ್ತದ ಹಣ ಕೈಸೇರುವ ತಿಂಗಳುಗಳಲ್ಲಿ ಆ ಮೊತ್ತಗಳು ಹೇಗೆ ಬದಲಾಗುತ್ತವೆಂಬುದನ್ನು ಈಗಲೇ ಬಿಡಿಸಿ ನೋಡಬೇಕು. ಆಟವು ಗುಡಿಯ ಕಟ್ಟೆಯಿಂದ, ಹಳ್ಳದ ದಂಡೆಯಿಂದ ಮೊಬೈಲಿಗೆ ಸರಿದಾಗ ಪಂಚನಾಮೆಗೆ ಚೀಟಿಯೂ ಸಿಗುವುದಿಲ್ಲ, ನಗದೂ ಸಿಗುವುದಿಲ್ಲ. ಸಾರ್ವಜನಿಕ ಖಾತೆಯಲ್ಲಿ ಊರಿಲ್ಲದ, ಹೆಸರಿಲ್ಲದ ಒಂದು ವಿಳಾಸ ಮತ್ತು ಅದರಿಂದ ಹೊರಟ ಮೊತ್ತ ಉಳಿಯುತ್ತದೆ.